‘ಟು’ ಸಾಲನ್ನು ನೆಚ್ಚಿಕೊಂಡ ಫಿಲ್ಟರ್‌ಗಳು

ಸಂಘ, ಕಚೇರಿ, ಅಪಾರ್ಟ್‌ಮೆಂಟುಗಳ ಗುಂಪು ಇಮೇಲ್‌ಗಳ ಕಾಟ ತಡೆಯಲು ಬಹಳ ಮಂದಿ ಒಂದೇ ಉಪಾಯ ಮಾಡಿದ್ದಾರೆ. ‘ಟು’ ಅಥವಾ ‘ಸಿಸಿ’ ಸಾಲಿನಲ್ಲಿ ಗುಂಪಿನ ವಿಳಾಸ ಕಂಡರೆ ಸಾಕು, ಆ ಪತ್ರ ಇನ್‌ಬಾಕ್ಸ್‌ಗೆ ಬಾರದೆ ಬೇರೆ ಫೋಲ್ಡರ್ ಸೇರುವಂತೆ ಫಿಲ್ಟರ್ ಹಾಕಿಟ್ಟಿದ್ದಾರೆ. ಕೆಲವರದು ಪತ್ರವನ್ನು ನೇರ ಅಳಿಸಿಯೇ ಹಾಕುತ್ತದೆ. ಈ ಏರ್ಪಾಡು ಕೈಕೊಟ್ಟಾಗ ಸದ್ದೇ ಆಗುವುದಿಲ್ಲ; ಮುಖ್ಯವಾದ ಪತ್ರವೊಂದು ಕಳೆದುಹೋಗುವ ಮೊದಲೇ ಎಚ್ಚರಿಸಬೇಕಿದೆ.

ಇಮೇಲ್‌ಗೆ ವಿಳಾಸ ಎರಡು. ಪತ್ರವನ್ನು ಯಾರಿಗೆ ಮುಟ್ಟಿಸಬೇಕೆಂದು ಒಂದು ಸರ್ವರ್ ಇನ್ನೊಂದಕ್ಕೆ ಹೇಳುವುದು ಲಕೋಟೆಯ ವಿಳಾಸ. ನಮ್ಮ ಕಣ್ಣಿಗೆ ಬೀಳುವ ‘ಟು’, ‘ಸಿಸಿ’ ಒಳಗಿನ ಕಾಗದದಲ್ಲಿ ಬರೆದದ್ದು. ಇಮೇಲ್ ಸಾಗಣೆಯ 1982ರ ಎಸ್‌ಎಂಟಿಪಿ ನಿಯಮಗಳ ಕಾಲದಿಂದಲೂ ಇವೆರಡೂ ಒಂದೇ ಆಗಿರಬೇಕೆಂದಿಲ್ಲ. ಕಾರ್ಯದರ್ಶಿ ಗುಂಪಿನ ವಿಳಾಸವನ್ನು ‘ಬಿಸಿಸಿ’ಯಲ್ಲಿ ಹಾಕಿದರೆ ಫಿಲ್ಟರ್‌ಗೆ ಅದು ಕಾಣುವುದಿಲ್ಲ. ಪತ್ರ ಇನ್‌ಬಾಕ್ಸಿಗೆ ಬಂದರೆ ಅದೇನೂ ದೊಡ್ಡ ತೊಂದರೆಯಲ್ಲ.

ನಿಜವಾದ ಅಪಾಯ ಇನ್ನೊಂದು ಕಡೆ ಇದೆ. ಯಾರೋ ಖಜಾಂಚಿಗೇ ನೇರವಾಗಿ ಬರೆದು, ಗುಂಪಿಗೂ ಒಂದು ಪ್ರತಿ ಹಾಕುತ್ತಾರೆ: ‘ನಾಳೆಯ ಸಭೆಗೆ ಲೆಕ್ಕಪತ್ರ ತರುತ್ತೀರಾ?’ ಆ ಪತ್ರದಲ್ಲೂ ಗುಂಪಿನ ವಿಳಾಸವಿದೆಯಲ್ಲ, ಫಿಲ್ಟರ್ ಅದನ್ನೂ ಎತ್ತಿಕೊಂಡು ಹೋಗುತ್ತದೆ. ಗುಂಪಿನ ಮೂಲಕ ಇನ್ನೊಂದು ಪ್ರತಿ ಬಂದೀತೆಂದು ನೆಚ್ಚುವ ಹಾಗೂ ಇಲ್ಲ. ಮೇಲ್‌ಮ್ಯಾನ್‌ನಂಥ ತಂತ್ರಾಂಶದಲ್ಲಿ, ಸದಸ್ಯರ ವಿಳಾಸ ‘ಟು’ ಅಥವಾ ‘ಸಿಸಿ’ಯಲ್ಲಿ ಆಗಲೇ ಇದ್ದರೆ ಅವರಿಗೆ ಎರಡನೇ ಪ್ರತಿ ಕಳಿಸದಿರುವ ಸೌಲಭ್ಯವಿದೆ. ಬಂದರೂ ಅದು ಸೇರುವುದು ಅದೇ ಫೋಲ್ಡರನ್ನು. ಅಳಿಸುವ ಫಿಲ್ಟರ್ ಆಗಿದ್ದರಂತೂ ಜಿಮೇಲ್‌ನ ಕಸದಬುಟ್ಟಿಯಲ್ಲಿ 30 ದಿನ ಇದ್ದು ಪತ್ರ ಇಲ್ಲವಾಗುತ್ತದೆ. ಕೇಳಿದವರು ಉತ್ತರಕ್ಕೆ ಕಾಯುತ್ತಲೇ ಇರುತ್ತಾರೆ, ಖಜಾಂಚಿಗೆ ಪ್ರಶ್ನೆ ಬಂದದ್ದೇ ತಿಳಿದಿರುವುದಿಲ್ಲ.

ಇದಕ್ಕೆ ಪರಿಹಾರ 2001ರಿಂದಲೇ ಇದೆ. ಆ ವರ್ಷದ ಆರ್‌ಎಫ್‌ಸಿ 2919 ಎಂಬ ಅಂತರ್ಜಾಲ ನಿಯಮಪತ್ರ ‘ಲಿಸ್ಟ್-ಐಡಿ’ ಎಂಬ ಗುರುತನ್ನು ಗೊತ್ತುಮಾಡಿತು. ಗುಂಪಿನ ಸರ್ವರ್ ಮೂಲಕ ಹಾದುಬಂದ ಪ್ರತಿಗೆ ಮಾತ್ರ ಅದು ಅಂಟಿರುತ್ತದೆ. ಫಿಲ್ಟರ್ ವಿಳಾಸದ ಬದಲು ಈ ಗುರುತನ್ನು ನೋಡುವಂತಿದ್ದರೆ, ನೇರವಾಗಿ ಬಂದ ಪ್ರತಿ ಇನ್‌ಬಾಕ್ಸಿನಲ್ಲೇ ಉಳಿಯುತ್ತದೆ. ಗುಂಪು ಬೇರೆ ಸರ್ವರ್‌ಗೆ ಹೋದರೂ ಅದೇ ಗುರುತನ್ನು ಉಳಿಸಿಕೊಳ್ಳಬಹುದು. ಜಿಮೇಲ್‌ನಲ್ಲಿ ಗುಂಪಿನ ಪತ್ರವೊಂದರ ವಿವರ ತೆರೆದರೆ ‘ಮೇಲಿಂಗ್ ಲಿಸ್ಟ್’ ಎಂಬ ಸಾಲು ಕಾಣುತ್ತದೆ. ಫಿಲ್ಟರ್ ಹಾಕಬೇಕಾದದ್ದು ಅಲ್ಲಿಂದ.

ವಿಳಾಸ ಬದಲಾಗುವುದೂ ಅಪರೂಪವಲ್ಲ. 2020ರ ಡಿಸೆಂಬರ್ 15ರಂದು ಯಾಹೂ ಗ್ರೂಪ್ಸ್ ಮುಚ್ಚಿದಾಗ, ಬೇರೆ ಸೇವೆಗಳಿಗೆ ಹೋದ ಗುಂಪುಗಳಿಗೆ ಹೊಸ ವಿಳಾಸ ಬೇಕಾಯಿತು. ‘ಸ್ಪ್ಯಾಮ್‌ಗೆ ಕಳಿಸಬೇಡ’ ಎಂಬ ಸೂಚನೆ ಹಳೆ ವಿಳಾಸಕ್ಕೆ ಮಾತ್ರ ಇದ್ದರೆ, ಹೊಸ ವಿಳಾಸದ ಪತ್ರಗಳಿಗೆ ಆ ರಕ್ಷಣೆ ಇರುವುದಿಲ್ಲ.

ಆದ್ದರಿಂದ ಗುಂಪು ನಡೆಸುವವರು ವಿಳಾಸ ಬದಲಿಸುವ ಮುಂಚೆ, ಹಳೆಯ ವಿಳಾಸದಿಂದಲೇ ಎಲ್ಲರಿಗೂ ತಿಳಿಸಬೇಕು. ಪದಾಧಿಕಾರಿಗಳು ಈ ವಾರವೇ ತಮ್ಮ ಫಿಲ್ಟರ್‌ಗಳನ್ನು ತೆರೆದು ನೋಡಲಿ. ಗುಂಪಿನ ಪತ್ರವನ್ನು ಅಳಿಸುವ ಸೂಚನೆ ಎಲ್ಲಿದ್ದರೂ ಅದನ್ನು ಮೊದಲು ತೆಗೆದುಹಾಕಲಿ.