ಹಾಲು ಚೆಲ್ಲಿದವರು ಯಾರು, ಒರೆಸುವವರು ಯಾರು?

ಮಾಂಸವಷ್ಟೇ ಅಲ್ಲ, ಹಾಲು-ತುಪ್ಪವನ್ನೂ ಮುಟ್ಟಬೇಡಿ ಅನ್ನುವವರು ವೀಗನ್‌ಗಳು. 2022ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಈ ಪಂಥದ ಕೆಲವರು ದೊಡ್ಡ ದೊಡ್ಡ ಅಂಗಡಿಗಳಿಗೆ ನುಗ್ಗಿ, ಹಾಲನ್ನು ನೆಲಕ್ಕೆ ಸುರಿದರು. ಸುದ್ದಿಯೇನೋ ಆಯಿತು. ಆದರೆ ಸ್ವಾಮಿ, ಅದನ್ನು ಒರೆಸುವ ಕರ್ಮ ಡೇರಿ ಧಣಿಗಳದ್ದಲ್ಲ, ಅಂಗಡಿಯ ಸಂಬಳದ ಆಳಿನದು!

ಅದೇ ದೇಶದಲ್ಲಿ 20,000ಕ್ಕೂ ಹೆಚ್ಚು ಜನ ಸಹಿ ಹಾಕಿ, ವೀಗನ್ ಸಾಸೇಜ್ ರೋಲ್ ಮಾಡ್ರಪ್ಪಾ ಅಂತ ಗ್ರೆಗ್ಸ್ ಬೇಕರಿಯನ್ನು ಕೇಳಿದರು. 2019ರ ಜನವರಿಯಲ್ಲಿ ಮಾಡಿಟ್ಟರೆ, ಎಷ್ಟೋ ಕಡೆ ಇಟ್ಟಿದ್ದೆಲ್ಲ ಖಾಲಿ! ವ್ಯಾಪಾರ ಕುದುರಿ, ಮರುವರ್ಷ ನೌಕರರಿಗೆ 300 ಪೌಂಡ್‌ವರೆಗೆ ಬೋನಸ್ಸೂ ಸಿಕ್ಕಿತು.

ಕರುವಿನ ಹಾಲು ಕರುವಿಗಿರಲಿ ಅನ್ನುವುದರಲ್ಲಿ ನ್ಯಾಯವಿದೆ. ಹಾಗಂತ ಗಿರಾಕಿಯನ್ನು ಗದರಿಸಿ ಸರಕು ಮಾರಿದವರುಂಟೇ? ರುಚಿ ತೋರಿಸಲಿ, ಬೆಲೆ ಇಳಿಸಲಿ. ಜನ ತಾವಾಗೇ ಬರ್ತಾರೆ.