ರಜೆಯ ಸದಸ್ಯತ್ವ: ಹಾಕಿದ ಹಣ ಮರಳುವುದು ಯಾರಿಗೆ?

ಚಿಕ್ಕೋಡಿ: ಕಬ್ಬಿನ ಬಿಲ್ಲು ಖಾತೆಗೆ ಜಮೆಯಾಗುವ ದಿನಗಳೆಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳಲ್ಲಿ ಮಾರಾಟಗಾರರ ಸುಗ್ಗಿ. ವಿಮೆ, ನಿವೇಶನ, ವಾಹನಗಳ ಸಾಲಿನಲ್ಲಿ ‘ರಜೆಯ ಸದಸ್ಯತ್ವ’ದ ದೂರವಾಣಿ ಕರೆಗಳೂ ಇರುತ್ತವೆ. ‘ನಿಮ್ಮ ಸಂಖ್ಯೆಗೆ ಬಹುಮಾನ ಬಂದಿದೆ. ದಂಪತಿ ಸಮೇತ ಹೋಟೆಲಿಗೆ ಬಂದು ಉಡುಗೊರೆ ಒಯ್ಯಿರಿ’ ಎಂಬ ಆಹ್ವಾನದೊಂದಿಗೆ ಆರಂಭವಾಗುವ ಮಾತು, ‘ಹಾಕಿದ ಹಣ ತಾನಾಗಿಯೇ ಮರಳುತ್ತದೆ’ ಎಂಬ ಭರವಸೆಯಲ್ಲಿ ಮುಗಿಯುತ್ತದೆ.

ಈ ಭರವಸೆ ಎಷ್ಟು ನಿಜ? ಲೆಕ್ಕ ಹಾಕಿ ನೋಡಿದರೆ ಉತ್ತರ ಎಲ್ಲರಿಗೂ ಒಂದೇ ಅಲ್ಲ. ಕೆಲವರಿಗೆ ಹಣ ಮರಳುತ್ತದೆ, ಹಲವರಿಗೆ ಮರಳುವುದಿಲ್ಲ. ಅದನ್ನು ನಿರ್ಧರಿಸುವುದು ರೆಸಾರ್ಟಿನ ಅಂದಚೆಂದವಲ್ಲ, ಕೊಳ್ಳುವವರ ವರ್ಷದ ದಿನಚರಿ.

ಏನಿದು ವ್ಯವಸ್ಥೆ?

ಟೈಮ್‌ಶೇರ್ ಎಂದರೆ ರೆಸಾರ್ಟಿನ ಒಡೆತನವಲ್ಲ. ನಿಗದಿತ ವರ್ಷಗಳ ಕಾಲ, ವರ್ಷಕ್ಕೆ ಇಂತಿಷ್ಟು ರಾತ್ರಿ ತಂಗುವ ಹಕ್ಕು ಮಾತ್ರ. ಇದಕ್ಕಾಗಿ ಆರಂಭದಲ್ಲಿ ಒಂದು ದೊಡ್ಡ ಮೊತ್ತ, ಬಳಿಕ ಪ್ರತಿ ವರ್ಷ ನಿರ್ವಹಣಾ ಶುಲ್ಕ ಕಟ್ಟಬೇಕು. ದೇಶದಲ್ಲಿ 1986ರಲ್ಲಿ ಸ್ಥಾಪನೆಯಾದ ಸ್ಟರ್ಲಿಂಗ್ ಮತ್ತು 1996ರಲ್ಲಿ ಆರಂಭವಾದ ಮಹೀಂದ್ರಾ ಹಾಲಿಡೇಸ್ ಈ ಪದ್ಧತಿಯನ್ನು ಜನಪ್ರಿಯಗೊಳಿಸಿದವು. 25 ವರ್ಷಗಳ ಸದಸ್ಯತ್ವ ಈ ಉದ್ಯಮದಲ್ಲಿ ಸಾಮಾನ್ಯ. ಬೇಡಿಕೆಗೆ ತಕ್ಕಂತೆ ವರ್ಷವನ್ನು ಋತುಗಳಾಗಿ ವಿಂಗಡಿಸಿ, ನೇರಳೆ, ಕೆಂಪು, ಬಿಳಿ, ನೀಲಿ ಮುಂತಾದ ಬಣ್ಣಗಳಿಂದ ಗುರುತಿಸುವುದೂ ಉಂಟು. ಬೇಡಿಕೆ ಹೆಚ್ಚಿರುವ ಋತುವಿಗೆ ಬೆಲೆಯೂ ಹೆಚ್ಚು.

ಒಂದು ರಾತ್ರಿಯ ನಿಜವಾದ ಬೆಲೆ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಸದಸ್ಯತ್ವದ ಬೆಲೆ 3 ಲಕ್ಷ ರೂ., ಅವಧಿ 25 ವರ್ಷ, ವರ್ಷಕ್ಕೆ 7 ರಾತ್ರಿ, ತೆರಿಗೆ ಸಹಿತ ವಾರ್ಷಿಕ ಶುಲ್ಕ 18,000 ರೂ. ಮಾರಾಟಗಾರರು 3 ಲಕ್ಷವನ್ನು 175 ರಾತ್ರಿಗಳಿಗೆ ಭಾಗಿಸಿ, ‘ರಾತ್ರಿಗೆ ಕೇವಲ 1,714 ರೂಪಾಯಿ’ ಎನ್ನುತ್ತಾರೆ. ಈ ಲೆಕ್ಕದಲ್ಲಿ ಎರಡು ಬಾಬ್ತುಗಳು ಕಾಣೆಯಾಗಿವೆ.

ಮೊದಲನೆಯದು ಬಡ್ಡಿ. ಇದೇ 3 ಲಕ್ಷವನ್ನು ಶೇ. 6.5ರ ಠೇವಣಿಯಲ್ಲಿಟ್ಟು, 25 ವರ್ಷಗಳಲ್ಲಿ ಅಸಲು-ಬಡ್ಡಿ ಸೇರಿಸಿ ಸಮ ಕಂತುಗಳಲ್ಲಿ ಹಿಂಪಡೆದರೆ ವರ್ಷಕ್ಕೆ ಸುಮಾರು 24,600 ರೂ. ಕೈಗೆ ಬರುತ್ತದೆ. ಸದಸ್ಯತ್ವ ಕೊಂಡವರು ಇದನ್ನು ಬಿಟ್ಟುಕೊಟ್ಟಂತೆ. ಎರಡನೆಯದು ವಾರ್ಷಿಕ ಶುಲ್ಕ. ಎರಡೂ ಸೇರಿದರೆ ವರ್ಷಕ್ಕೆ 42,600 ರೂ., ಅಂದರೆ ರಾತ್ರಿಯೊಂದಕ್ಕೆ ಸುಮಾರು 6,100 ರೂ. ಏಳರ ಬದಲು ನಾಲ್ಕೇ ರಾತ್ರಿ ಬಳಸಿದರೆ ಅದು 10,650 ರೂಪಾಯಿಗೆ ಏರುತ್ತದೆ. ಊಟ, ಪ್ರಯಾಣದ ವೆಚ್ಚ ಬೇರೆ. ಸಾಲ ಮಾಡಿ ಕಂತಿನಲ್ಲಿ ಕೊಂಡರೆ ಹೊರೆ ಇನ್ನೂ ಹೆಚ್ಚು. ಏಕೆಂದರೆ ಸಾಲದ ಬಡ್ಡಿ ಠೇವಣಿಯ ಬಡ್ಡಿಗಿಂತ ಸದಾ ಮೇಲೆಯೇ ಇರುತ್ತದೆ.

ಶುಲ್ಕವೂ ನಿಂತಲ್ಲಿ ನಿಲ್ಲುವುದಿಲ್ಲ. ವರ್ಷಕ್ಕೆ ಶೇ. 6ರಂತೆ ಏರಿದರೆ ಹನ್ನೆರಡು ವರ್ಷಗಳಲ್ಲಿ 18,000 ರೂ. ಇಮ್ಮಡಿಯಾಗುತ್ತದೆ. ಹೋಟೆಲ್ ದರಗಳೂ ಏರುತ್ತವೆ ಎಂಬುದು ನಿಜ. ಆದರೆ ಹೋಟೆಲ್ ದುಬಾರಿಯಾದ ವರ್ಷ ಪ್ರವಾಸ ಕೈಬಿಡಬಹುದು, ಶುಲ್ಕವನ್ನು ಮಾತ್ರ ಹೋಗದ ವರ್ಷವೂ ಕಟ್ಟಲೇಬೇಕು.

ಇದರ ನಡುವೆ ತೆರಿಗೆಯ ತಕ್ಕಡಿಯೂ ವಾಲಿದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ.ವರೆಗಿನ ಹೋಟೆಲ್ ಕೊಠಡಿಗಳ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಸದಸ್ಯತ್ವ ಹಾಗೂ ವಾರ್ಷಿಕ ಶುಲ್ಕದ ಮೇಲಿನ ತೆರಿಗೆ ಶೇ. 18. ಹಳೆಯ ಕರಪತ್ರದ ಹೋಲಿಕೆಗಳನ್ನು ನಂಬುವಂತಿಲ್ಲ ಎನ್ನಲು ಇದೊಂದೇ ಕಾರಣ ಸಾಕು.

ಕಬ್ಬಿನ ಅಳತೆಯಲ್ಲಿ

ಈ ಭಾಗದ ಓದುಗರಿಗೆ ಇದನ್ನು ಕಬ್ಬಿನ ಲೆಕ್ಕದಲ್ಲಿ ಹೇಳುವುದೇ ಸೂಕ್ತ. 2025ರ ನವೆಂಬರ್‌ನಲ್ಲಿ ಗುರ್ಲಾಪುರದಲ್ಲಿ ನಡೆದ ರೈತರ ಹೋರಾಟದ ಬಳಿಕ ರಾಜ್ಯ ಸರ್ಕಾರ ಪ್ರಕಟಿಸಿದ ದರ ಟನ್ನಿಗೆ 3,300 ರೂ. ಆ ದರದಲ್ಲಿ 3 ಲಕ್ಷ ರೂ. ಎಂದರೆ ಸುಮಾರು 91 ಟನ್ ಕಬ್ಬು. ಎಕರೆಗೆ 40 ಟನ್ ಇಳುವರಿ ಎಂದು ಹಿಡಿದರೂ ಎರಡು ಎಕರೆಗೂ ಮೀರಿದ ಇಡೀ ಫಸಲು. ಬೀಜ, ಗೊಬ್ಬರ, ನೀರು, ಕೂಲಿಯ ಖರ್ಚು ಇನ್ನೂ ಕಳೆದಿಲ್ಲ. ಬಳಿಕ ಪ್ರತಿ ವರ್ಷ ಐದೂವರೆ ಟನ್ ಕಬ್ಬು ನಿರ್ವಹಣಾ ಶುಲ್ಕದ ಪಾಲು.

ಹಣಕ್ಕಿಂತ ದೊಡ್ಡ ತೊಡಕು ಸಮಯದ್ದು. ನವೆಂಬರ್‌ನಿಂದ ಮಾರ್ಚ್‌ವರೆಗೆ ಕಾರ್ಖಾನೆಗಳಲ್ಲಿ ನುರಿಸುವ ಹಂಗಾಮು. ಕಡಿಯುವ ಗ್ಯಾಂಗ್ ತಮ್ಮ ಹೊಲಕ್ಕೆ ಯಾವಾಗ ಬರುವುದೋ ರೈತರಿಗೇ ತಿಳಿದಿರುವುದಿಲ್ಲ. ಹೀಗಿರುವಾಗ ನಾಲ್ಕಾರು ತಿಂಗಳು ಮೊದಲೇ ಕೊಠಡಿ ಕಾಯ್ದಿರಿಸುವುದೆಂತು? ಹಂಗಾಮು ಮುಗಿದು, ಮುಂಗಾರು ಹಿಡಿದ ಮೇಲೆ ಬಿಡುವು ಸಿಕ್ಕರೆ ಆಗ ಗೋವೆಯ ಕಡಲತೀರದಲ್ಲಿ ಬೇಡಿಕೆ ತಗ್ಗಿರುತ್ತದೆ. ಮಾರುಕಟ್ಟೆಯಲ್ಲಿ ಮೂರು-ನಾಲ್ಕು ಸಾವಿರಕ್ಕೆ ಸಿಗುವ ಕೊಠಡಿಗೆ ಸದಸ್ಯರು 6,100 ರೂ. ತೆತ್ತಂತಾಗುತ್ತದೆ.

ಶಾಲಾ ಶಿಕ್ಷಕ ದಂಪತಿಯ ಸ್ಥಿತಿ ಬೇರೆ. ಏಪ್ರಿಲ್ ಎರಡನೇ ವಾರದಿಂದ ಮೇ ಅಂತ್ಯದವರೆಗೆ ಹಾಗೂ ದಸರೆಯ ಹೊತ್ತಿಗೆ ಅವರಿಗೆ ಬಿಡುವು ಖಚಿತ. ಮಹಾಬಳೇಶ್ವರ, ಮಡಿಕೇರಿಗಳಲ್ಲಿ ಮೇ ತಿಂಗಳು ಬೇಡಿಕೆಯ ಉತ್ತುಂಗ. ಆಗ ಹೋಟೆಲ್ ದರ ಏರಿರುವುದರಿಂದ ಸದಸ್ಯತ್ವ ಲಾಭದಾಯಕವಾಗಬಹುದು. ಆದರೆ ಕೊಂಡಿರುವ ಋತುವಿನಲ್ಲಿ ಮೇ ತಿಂಗಳು ಸೇರಿರಬೇಕು, ಕಾಯ್ದಿರಿಸುವ ಬಾಗಿಲು ತೆರೆದ ದಿನವೇ ಸ್ಥಳ ಹಿಡಿಯಬೇಕು. ಅಗ್ಗವೆಂದು ನೀಲಿ ಋತುವಿನ ಸದಸ್ಯತ್ವ ಪಡೆದ ಶಿಕ್ಷಕರಿಗೆ ರಜೆಯಿದ್ದಾಗ ಕೊಠಡಿಯಿಲ್ಲ, ಕೊಠಡಿಯಿದ್ದಾಗ ರಜೆಯಿಲ್ಲ.

ಇನ್ನೊಂದು ಮಾತು. ಈ ಭಾಗದ ಕುಟುಂಬಗಳ ಪ್ರವಾಸವೆಂದರೆ ಬಹುಪಾಲು ಪಂಢರಪುರ, ಕೊಲ್ಹಾಪುರದ ಮಹಾಲಕ್ಷ್ಮಿ, ಚಿಂಚಲಿಯ ಮಾಯಕ್ಕ, ಸವದತ್ತಿಯ ಯಲ್ಲಮ್ಮ. ತಂಗುವುದು ಧರ್ಮಶಾಲೆಯಲ್ಲಿ ಅಥವಾ ಬೀಗರ ಮನೆಯಲ್ಲಿ. ಆ ವೆಚ್ಚವನ್ನು ಟೈಮ್‌ಶೇರ್ ಉಳಿಸುವುದಿಲ್ಲ. ಈಗಾಗಲೇ ವರ್ಷಕ್ಕೆ ನಲವತ್ತು ಸಾವಿರ ರೂ. ಹೋಟೆಲಿಗೆ ಖರ್ಚು ಮಾಡುತ್ತಿರುವ ಮನೆಗೆ ಮಾತ್ರ ‘ಉಳಿತಾಯ’ ಎಂಬ ಪದ ಅನ್ವಯಿಸುತ್ತದೆ. ಉಳಿದವರಿಗೆ ಅದು ಹೊಸ ಖರ್ಚು.

‘ಮರಳುವ ಹಣ’ದ ಹಳೆಯ ಪಾಠ

ತಂಗದಿದ್ದರೂ ಹಣ ಬೆಳೆದು ಬರುತ್ತದೆ ಎಂದು ಯಾರಾದರೂ ಹೇಳಿದರೆ ಎದ್ದು ಬರುವುದೇ ಲೇಸು. ಮುಂಬೈ ಮೂಲದ ಪ್ಯಾನ್‌ಕಾರ್ಡ್ ಕ್ಲಬ್ಸ್ ಕಂಪನಿ ಹೋಟೆಲ್ ಕೊಠಡಿಯ ರಾತ್ರಿಗಳನ್ನು ಮಾರುವ ಹೆಸರಿನಲ್ಲಿ, ಬಳಸದೇ ಉಳಿದ ರಾತ್ರಿಗಳಿಗೆ ಅವಧಿಯ ಕೊನೆಯಲ್ಲಿ ಹಣ ಕೊಡುವುದಾಗಿ ಹೇಳಿ ಠೇವಣಿಯಂತೆಯೇ ಮೊತ್ತ ಸಂಗ್ರಹಿಸಿತ್ತು. ಇದು ನೋಂದಣಿಯಿಲ್ಲದ ಸಾಮೂಹಿಕ ಹೂಡಿಕೆ ಯೋಜನೆ ಎಂದು ತೀರ್ಮಾನಿಸಿದ ಸೆಬಿ, 2016ರ ಫೆಬ್ರುವರಿಯಲ್ಲಿ ಹಣ ಮರಳಿಸಲು ಆದೇಶಿಸಿತು. ಸಂಗ್ರಹವಾಗಿದ್ದ ಮೊತ್ತ 7,000 ಕೋಟಿ ರೂಪಾಯಿಗೂ ಹೆಚ್ಚು, ಹೂಡಿಕೆದಾರರು 50 ಲಕ್ಷಕ್ಕೂ ಅಧಿಕ. ಕಂಪನಿಯ ಮೇಲ್ಮನವಿ 2017ರಲ್ಲಿ ವಜಾಗೊಂಡಿತು. 2022ರಲ್ಲಿ ಪ್ರಕರಣ ದಿವಾಳಿ ಪ್ರಕ್ರಿಯೆಯ ಹಾದಿ ಹಿಡಿಯಿತು. ಪಶ್ಚಿಮ ಬಂಗಾಳದ ರೋಸ್ ವ್ಯಾಲಿ ಸಮೂಹದ ‘ಹಾಲಿಡೇ ಮೆಂಬರ್‌ಶಿಪ್’ ಯೋಜನೆಯ ಮೇಲೂ ಸೆಬಿ ಇದೇ ಬಗೆಯ ಕ್ರಮ ಕೈಗೊಂಡಿತ್ತು.

ಕೊಟ್ಟವನು ಕೋಡಂಗಿ, ಇಸಿದುಕೊಂಡವನು ಈರಭದ್ರ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು. ತಂಗುವ ಹಕ್ಕನ್ನು ಮಾತ್ರ ಮಾರುವ ಸದಸ್ಯತ್ವಕ್ಕೂ ಇಂಥ ಯೋಜನೆಗೂ ಇರುವ ಗೆರೆ ಸ್ಪಷ್ಟ. ಮೊದಲನೆಯದು ಖರ್ಚು, ಎರಡನೆಯದು ಹೂಡಿಕೆಯ ವೇಷ. ಪ್ರಾಮಾಣಿಕ ಟೈಮ್‌ಶೇರ್ ಎಂದಿಗೂ ಲಾಭದ ಮಾತಾಡುವುದಿಲ್ಲ.

ಹಣ ಮರಳುವ ದಾರಿ

ಹಾಗಾದರೆ ದಾರಿಯೇ ಇಲ್ಲವೇ? ಇದೆ. ಚಿಕ್ಕದಾಗಿ ಕೊಳ್ಳುವುದು, ಅದರಲ್ಲೂ ಹಳೆಯ ಸದಸ್ಯರಿಂದ ವರ್ಗಾವಣೆ ಪಡೆಯುವುದು. ವರ್ಗಾವಣೆ ಶುಲ್ಕ ಸೇರಿ 75,000 ರೂಪಾಯಿಗೆ, 15 ವರ್ಷ ಬಾಕಿಯಿರುವ ಅಂಥದೇ ಸದಸ್ಯತ್ವ ದೊರೆತರೆ ಮೇಲಿನ ಲೆಕ್ಕದ ಪ್ರಕಾರ ವರ್ಷದ ವೆಚ್ಚ ಸುಮಾರು 26,000 ರೂ. ರಾತ್ರಿಗೆ 3,700 ರೂ. ಏಳೂ ರಾತ್ರಿ ಬಳಸುವ ಕುಟುಂಬಕ್ಕೆ ಇದು ನಿಜಕ್ಕೂ ಗಿಟ್ಟುತ್ತದೆ. ಆದರೆ ವರ್ಗಾವಣೆಗೆ ಕಂಪನಿಯ ಲಿಖಿತ ಒಪ್ಪಿಗೆ ಇದೆಯೇ, ಹಳೆಯ ಶುಲ್ಕದ ಬಾಕಿ ಎಷ್ಟು, ಋತು ಯಾವುದು, ಬಳಸದ ರಾತ್ರಿಗಳನ್ನು ಮುಂದಿನ ವರ್ಷಕ್ಕೆ ಒಯ್ಯಬಹುದೇ, ಬಂಧುಗಳನ್ನು ಕಳುಹಿಸಲು ಅವಕಾಶವಿದೆಯೇ ಎಂಬುದನ್ನು ಹಣ ಕೊಡುವ ಮೊದಲೇ ಖಚಿತಪಡಿಸಿಕೊಳ್ಳಬೇಕು. ಕೊಠಡಿಯನ್ನು ಬಾಡಿಗೆಗೆ ಕೊಟ್ಟು ಶುಲ್ಕ ಹುಟ್ಟಿಸಬಹುದೆಂಬ ಮಾತನ್ನು ಒಪ್ಪಂದ ಓದದೆ ನಂಬಕೂಡದು.

ಹೋಲಿಸುವಾಗಲೂ ಎಚ್ಚರ ಬೇಕು. ನಾಲ್ವರು ತಂಗಬಲ್ಲ, ಅಡುಗೆ ಸೌಲಭ್ಯವಿರುವ ಕೋಣೆಯ ಬೆಲೆಯನ್ನು ಅಂಥದೇ ಕೋಣೆಯೊಂದಿಗೆ ತೂಗಬೇಕು. ಇಬ್ಬರ ಕೊಠಡಿಯ ದರದೊಂದಿಗೆ ತೂಗಿದರೆ ಲೆಕ್ಕ ಎರಡೂ ಕಡೆ ತಪ್ಪುತ್ತದೆ.

ಈಗಾಗಲೇ ಸದಸ್ಯರಾಗಿರುವವರಿಗೆ ಬೇರೆಯೇ ಬಲೆ ಕಾದಿದೆ. ‘ನಿಮ್ಮ ಸದಸ್ಯತ್ವಕ್ಕೆ ಗಿರಾಕಿ ಇದ್ದಾರೆ, ಮೊದಲು ದಾಖಲೆ ಶುಲ್ಕ ಕಟ್ಟಿ’ ಎಂಬ ಕರೆಗಳಿಗೆ ಒಂದು ರೂಪಾಯಿಯನ್ನೂ ಕಳುಹಿಸಬಾರದು. ಕಳುಹಿಸಿ ಮೋಸಹೋದರೆ ತಡಮಾಡದೆ 1930 ಸಂಖ್ಯೆಗೆ ದೂರು ನೀಡಬೇಕು.

ಕಾನೂನಿನ ಆಸರೆ

ಯುರೋಪ್ ಒಕ್ಕೂಟದಲ್ಲಿ ಟೈಮ್‌ಶೇರ್ ಖರೀದಿಯಿಂದ 14 ದಿನಗಳೊಳಗೆ ಕಾರಣ ನೀಡದೆ ಹಿಂದೆ ಸರಿಯುವ ಹಕ್ಕನ್ನು 2008ರ ನಿರ್ದೇಶನವೇ ಕೊಟ್ಟಿದೆ. ನಮ್ಮಲ್ಲಿ ಟೈಮ್‌ಶೇರ್‌ಗೆಂದೇ ಪ್ರತ್ಯೇಕ ಕಾಯ್ದೆಯಿಲ್ಲ. ಆದ್ದರಿಂದ ರದ್ದತಿಯ ಅವಧಿ, ಮರುಪಾವತಿಯ ಪ್ರಮಾಣ ಒಪ್ಪಂದದಲ್ಲಿ ಬರೆದಿದ್ದಷ್ಟೇ ಕೈಹಿಡಿಯುತ್ತದೆ.

ಆದರೂ ಗ್ರಾಹಕ ನಿರ್ವಸಿತನಲ್ಲ. 2020ರ ಜುಲೈ 20ರಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಕಂಪನಿಯ ಕಚೇರಿ ಮುಂಬೈಯಲ್ಲಿರಲಿ, ಚೆನ್ನೈಯಲ್ಲಿರಲಿ, ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದಾವೆ ಹೂಡಬಹುದು. ಅಥಣಿಯವರಿಗೂ ಕಾಗವಾಡದವರಿಗೂ ಬೆಳಗಾವಿಯ ಜಿಲ್ಲಾ ಆಯೋಗ ಸಾಕು. ದೂರಿಗೆ ಎರಡು ವರ್ಷಗಳ ಕಾಲಮಿತಿಯಿದೆ. 5 ಲಕ್ಷ ರೂ.ವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಮೊದಲ ಮಾಹಿತಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಆದರೆ ಬಾಯಿಮಾತಿನ ಭರವಸೆಗೆ ಆಯೋಗದ ಮುಂದೆ ತೂಕ ಕಡಿಮೆ. ಮಾರಾಟಗಾರ ಹೇಳಿದ್ದನ್ನೆಲ್ಲ ಬರೆಸಿಕೊಳ್ಳುವುದೇ ಜಾಣತನ. ಬರೆದುಕೊಡಲು ಒಪ್ಪದವನ ಮಾತಿಗೆ ಅಲ್ಲಿಯೇ ಬೆಲೆ ಕಟ್ಟಬಹುದು.

ಒಟ್ಟಾರೆ, ಉಡುಗೊರೆಗಾಗಿ ಹೋದ ದಿನವೇ ಸಹಿ ಹಾಕುವ ಅಗತ್ಯ ಯಾರಿಗೂ ಇಲ್ಲ. ಒಪ್ಪಂದದ ಪ್ರತಿಯನ್ನು ಮನೆಗೆ ತಂದು, ಕಳೆದ ಮೂರು ವರ್ಷಗಳಲ್ಲಿ ಕುಟುಂಬ ಎಷ್ಟು ರಾತ್ರಿ, ಯಾವ ತಿಂಗಳಲ್ಲಿ, ಎಷ್ಟು ಹಣ ತೆತ್ತು ಹೊರಗೆ ತಂಗಿತ್ತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ನೋಡಬೇಕು. ಆ ಹಾಳೆ ಖಾಲಿಯಿದ್ದರೆ, ಎರಡು ಎಕರೆ ಕಬ್ಬಿನ ಹಣ ಬ್ಯಾಂಕಿನಲ್ಲೇ ಇರುವುದು ಕ್ಷೇಮ.