ಕೋಶ ವಿಭಜನೆಗೆ ಆಲೂಗಡ್ಡೆಯೇ ಸಾಕು

ಕೋಶ ವಿಭಜನೆ ಎಂದೊಡನೆ ನಾವು ಪ್ರೊಫೇಸ್, ಮೆಟಾಫೇಸ್ ಎಂದು ಹಂತಗಳ ಹೆಸರು ಉರು ಹೊಡೆಸುತ್ತೇವೆ. ಅದು ಪ್ರೌಢಶಾಲೆಗೆ ಇರಲಿ, ಮೊದಲು ಆಲೂಗಡ್ಡೆ ತೋರಿಸಿ ಎಂಬುದು ನನ್ನ ವಾದ. ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಮಕ್ಕಳಿಗೆ ಬಿತ್ತನೆ ಗೆಡ್ಡೆ ಹೊಸದೇನಲ್ಲ.

ಕಣ್ಣಿರುವಂತೆ ಹೋಳು ಮಾಡಿ ನೆರಳಲ್ಲಿಟ್ಟ ಗೆಡ್ಡೆಯ ಗಾಯ ಕೆಲವೇ ದಿನಗಳಲ್ಲಿ ಹೊಸ ಸಿಪ್ಪೆ ಕಟ್ಟುತ್ತದೆ. ಮಗುವಿನ ತರಚಿದ ಮೊಣಕಾಲೂ ಹಾಗೆಯೇ ಮಾಯುತ್ತದೆ. ಎರಡೂ ಮೈಟಾಸಿಸ್‌ನ ಕೆಲಸವೇ. ವರ್ಣತಂತುಗಳು ಮೊದಲು ಇಮ್ಮಡಿಯಾಗಿ, ಆಮೇಲೆ ಎರಡು ಕೋಶಗಳಿಗೂ ಸಮನಾಗಿ ಹಂಚಿಹೋಗುತ್ತವೆ. ಆಲೂಗಡ್ಡೆಯ ಕೋಶದಲ್ಲಿ 48, ನಮ್ಮಲ್ಲಿ 46. (ಹೆಚ್ಚಿದ್ದರೆ ಹೆಚ್ಚು ಬುದ್ಧಿ ಎಂದೇನೂ ಇಲ್ಲ!) ಕೊನೆಯ ಹೆಜ್ಜೆ ಮಾತ್ರ ಬೇರೆ. ಪ್ರಾಣಿಕೋಶ ನಡುವೆ ಹಿಸುಕಿದಂತೆ ಕಿರಿದಾಗಿ ಎರಡಾಗುತ್ತದೆ. ಸಸ್ಯಕೋಶಕ್ಕೆ ಗಟ್ಟಿ ಭಿತ್ತಿ ಇರುವುದರಿಂದ ಒಳಗೇ ಹೊಸ ಗೋಡೆ ಎಬ್ಬಿಸಬೇಕು.

ಹೀಗೆ ಕಣ್ಣಿನಿಂದ ಬೆಳೆದ ಗಿಡಗಳೆಲ್ಲ ತಾಯಿಗೆಡ್ಡೆಯ ಪಡಿಯಚ್ಚು. ಅಂಗಮಾರಿ ಒಂದಕ್ಕೆ ತಗುಲಿದರೆ ಪಕ್ಕದ ಗಿಡಕ್ಕೂ ಅದನ್ನು ತಡೆಯುವ ಬೇರೆ ಬಲ ಇರುವುದಿಲ್ಲ. ಮೋಡ ಮುಚ್ಚಿ ತಂಪಾದರೆ ಹೊಲವೇ ಕಪ್ಪಾಗುತ್ತದೆ. 1845ರಿಂದ ಐರ್ಲೆಂಡ್ ಕಂಡ ಕ್ಷಾಮದ ಹಿಂದೆಯೂ ಇದೇ ರೋಗವಿತ್ತು. ಅಪ್ಪನ ಬೆಳೆ ಏಕೆ ಹೋಯಿತೆಂದು ಕೇಳುವ ಮಗುವಿಗೆ ಮೆಟಾಫೇಸ್ ಎಂದರೆ ಉತ್ತರವಾದೀತೇ?

ಮುಂಗಾರು ಬಿತ್ತನೆಯ ಹೊತ್ತಿಗೆ ಒಂದು ಗೆಡ್ಡೆ ಹೋಳು ಮಾಡಿಡಿ. ವಾರ ಬಿಟ್ಟು ಮಕ್ಕಳ ಕೈಗೇ ಕೊಡಿ, ಮುಟ್ಟಿ ನೋಡಲಿ.